ಕಾರವಾರ–ಅಂಕೋಲೆಗಳ ದನಿಯಾಗಿ ಹದಿನೈದು ವರ್ಷ: ಜೋಕಿಂ ಆಳ್ವರ ಸಂಸದೀಯ ಜೀವನ

ನವದೆಹಲಿಯ ಸಂಸತ್ ಭವನದಲ್ಲಿ 2007ರಲ್ಲಿ ಒಂದು ಭಾವಚಿತ್ರ ಅನಾವರಣಗೊಂಡಿತು. ರಾಷ್ಟ್ರನಾಯಕರ ಚಿತ್ರಗಳಿಗೆ ಆ ಭವನದಲ್ಲಿ ಕೊರತೆಯೇನೂ ಇಲ್ಲ. ಆದರೆ ಈ ಚಿತ್ರಕ್ಕೊಂದು ವಿಶೇಷವಿತ್ತು. ಅದರಲ್ಲಿದ್ದವರು ಇಬ್ಬರು, ಪತಿ ಮತ್ತು ಪತ್ನಿ. ಸ್ವತಂತ್ರ ಭಾರತದ ಸಂಸತ್ತಿನಲ್ಲಿ ಜೊತೆಯಾಗಿ ಸದಸ್ಯರಾದ ಮೊದಲ ದಂಪತಿಗಳೆಂಬ ಕೀರ್ತಿಗೆ ಪಾತ್ರರಾದ ಜೋಕಿಂ ಆಳ್ವ ಮತ್ತು ವಯಲೆಟ್ ಆಳ್ವ ಅವರು. ಮರುವರ್ಷ, 2008ರಲ್ಲಿ, ಭಾರತೀಯ ಅಂಚೆ ಇಲಾಖೆಯು ಇವರಿಬ್ಬರ ಸ್ಮರಣಾರ್ಥ ಅಂಚೆಚೀಟಿಯೊಂದನ್ನು ಹೊರತಂದಿತು.

ಆ ಚಿತ್ರದಲ್ಲಿರುವ ಪುರುಷನು 1952ರಿಂದ 1967ರವರೆಗೆ, ಸತತ ಹದಿನೈದು ವರ್ಷಗಳ ಕಾಲ, ನಮ್ಮ ಕಾರವಾರ–ಅಂಕೋಲೆಗಳನ್ನೊಳಗೊಂಡ ಕೆನರಾ ಕ್ಷೇತ್ರವನ್ನು ಲೋಕಸಭೆಯಲ್ಲಿ ಪ್ರತಿನಿಧಿಸಿದವರು ಎಂಬ ಸಂಗತಿ ನಮ್ಮ ಕಿರಿಯರಲ್ಲಿ ಎಷ್ಟು ಮಂದಿಗೆ ಗೊತ್ತು? ಹಿರಿಯರ ಪೈಕಿ ಕೆಲವರಿಗೆ ಹೆಸರು ನೆನಪಿರಬಹುದು. ಕೆಲಸ ನೆನಪಿರುವವರು ವಿರಳ. ಪೂಜೆಯ ನಂತರ ಇಗರ್ಜಿಯ ಅಂಗಳದಲ್ಲಿ ನಿಂತು "ನಾವು ಅಲ್ಪಸಂಖ್ಯಾತರು, ನಮಗೆ ಓಟು ಹಾಕುವವರು ಯಾರು?" ಎಂದು ನಿಟ್ಟುಸಿರು ಬಿಡುವ ಮಾತು ಇಂದಿಗೂ ಕೇಳಿಬರುತ್ತದೆ. ಆ ಮಾತಿಗೆ ಆಳ್ವರ ಬದುಕು ಒಂದು ಉತ್ತರವನ್ನು ಕೊಡುತ್ತದೆ. ಆ ಉತ್ತರ ನಾವು ನಿರೀಕ್ಷಿಸುವಷ್ಟು ಸುಲಭದ್ದಲ್ಲ. ಅದಕ್ಕಾಗಿಯೇ ಈ ವಾರ ಅವರ ಸ್ಮರಣೆ.

ಬೆಳ್ಳೆಯಿಂದ ಮುಂಬಯಿಗೆ

ಜೋಕಿಂ ಆಳ್ವರು ಜನಿಸಿದ್ದು 1907ರ ಜನವರಿ 21ರಂದು, ಉಡುಪಿ ಸಮೀಪದ ಬೆಳ್ಳೆ ಗ್ರಾಮದಲ್ಲಿ. ಮಾತೃಭಾಷೆ ಕೊಂಕಣಿ, ಮನೆತನ ಕಥೋಲಿಕ. ಆಗಿನ ಕಾಲದಲ್ಲಿ ದಕ್ಷಿಣ ಕನ್ನಡದ ಅನೇಕ ಕ್ರೈಸ್ತ ತರುಣರಂತೆ ಅವರೂ ವಿದ್ಯೆಗಾಗಿ ಮುಂಬಯಿಯ ದಾರಿ ಹಿಡಿದರು. ಕಾಲೇಜು ವಿದ್ಯಾಭ್ಯಾಸವನ್ನೂ ಕಾನೂನು ಶಿಕ್ಷಣವನ್ನೂ ಮುಗಿಸಿ ವಕೀಲರಾದರು. ಅಲ್ಲಿಗೇ ನಿಂತಿದ್ದರೆ, ಮುಂಬಯಿಯಲ್ಲಿ ನೆಲೆನಿಂತು ಸುಖವಾಗಿ ಬಾಳಿದ ಸಾವಿರಾರು ಕರಾವಳಿಗರಲ್ಲಿ ಅವರೂ ಒಬ್ಬರಾಗುತ್ತಿದ್ದರು.

ಆದರೆ ಅದು ಸೈಮನ್ ಆಯೋಗದ ಕಾಲ. ದೇಶದೆಲ್ಲೆಡೆ ವಿದ್ಯಾರ್ಥಿಗಳು ಬೀದಿಗಿಳಿದಿದ್ದರು. 1928ರಲ್ಲಿ ಮುಂಬಯಿಯಲ್ಲಿ ಖುರ್ಷೆದ್ ನರಿಮನ್ ಮೊದಲಾದವರೊಡನೆ ಯುವಜನ ಸಂಘಟನೆಯಲ್ಲಿ ತೊಡಗಿದ ಆಳ್ವರು ರಾಷ್ಟ್ರೀಯ ಹೋರಾಟದ ಮುಂಚೂಣಿಗೆ ಬಂದರು. ಅಂದಿನ ಕ್ರೈಸ್ತ ಸಮಾಜದ ಸ್ಥಿತಿಯನ್ನು ಇಲ್ಲಿ ಸ್ವಲ್ಪ ನೆನೆಯಬೇಕು. ಆಳುವವರು ಕ್ರೈಸ್ತರೆಂಬ ಕಾರಣಕ್ಕೆ, ದೇಶದ ಕ್ರೈಸ್ತರೆಲ್ಲರೂ ಆಳುವವರ ಪರ ಎಂಬ ಶಂಕೆ ಹೊರಗಿತ್ತು. ಸ್ವರಾಜ್ಯ ಬಂದರೆ ನಮ್ಮ ಗತಿಯೇನು ಎಂಬ ಅಂಜಿಕೆ ಒಳಗಿತ್ತು. ಈ ಶಂಕೆ ಮತ್ತು ಅಂಜಿಕೆಗಳೆರಡನ್ನೂ ಎದುರಿಸಲು ಆಳ್ವರು 1930ರಲ್ಲಿ ಮುಂಬಯಿಯ ಕ್ರೈಸ್ತರನ್ನು ಸ್ವಾತಂತ್ರ್ಯ ಚಳವಳಿಯತ್ತ ಸೆಳೆಯುವ ರಾಷ್ಟ್ರವಾದಿ ಪಕ್ಷವೊಂದನ್ನು ಕಟ್ಟಿದರು. ವೃತ್ತಿಯಲ್ಲಿ ಗಳಿಸಬಹುದಾಗಿದ್ದ ಹಣವನ್ನು ಬದಿಗಿಟ್ಟು ಸೆರೆಮನೆಯ ದಾರಿ ಹಿಡಿದರು. ಸಮಕಾಲೀನ ನಾಯಕರನ್ನು ಕುರಿತ 'ಮೆನ್ ಅಂಡ್ ಸೂಪರ್‌ಮೆನ್ ಆಫ್ ಹಿಂದೂಸ್ತಾನ್' ಎಂಬ ಅವರ ಇಂಗ್ಲಿಷ್ ಗ್ರಂಥ 1943ರಲ್ಲಿ ಪ್ರಕಟವಾಯಿತು. ಅದೇ ವರ್ಷ, 'ಭಾರತ ಬಿಟ್ಟು ತೊಲಗಿ' ಚಳವಳಿಯ ಬಿಸಿ ಆರುವ ಮುನ್ನವೇ, ಪತ್ನಿಯೊಡಗೂಡಿ 'ಫೋರಂ' ಎಂಬ ಇಂಗ್ಲಿಷ್ ವಾರಪತ್ರಿಕೆಯನ್ನು ಆರಂಭಿಸಿದರು.

ಸಮಾನ ಸಾಹಸದ ಸಹಧರ್ಮಿಣಿ

ವಯಲೆಟ್ ಅವರದು ಇನ್ನೊಂದು ವಿಸ್ಮಯಕರ ಜೀವನ. 1908ರ ಏಪ್ರಿಲ್ 24ರಂದು ಅಹಮದಾಬಾದಿನಲ್ಲಿ ಜನಿಸಿದ ಅವರು ಪಾದ್ರಿ ಲಕ್ಷ್ಮಣ ಹರಿ ಎಂಬ ಆಂಗ್ಲಿಕನ್ ಧರ್ಮಗುರುವಿನ ಮಗಳು. ಹದಿನಾರರ ಪ್ರಾಯದಲ್ಲಿಯೇ ತಂದೆತಾಯಿಯರನ್ನು ಕಳೆದುಕೊಂಡು, ಅಕ್ಕ ಅಣ್ಣಂದಿರ ಆಶ್ರಯದಲ್ಲಿ ಓದಿ, ಮುಂಬಯಿಯ ಸಂತ ಝೇವಿಯರ್ ಕಾಲೇಜಿನಲ್ಲಿ ಪದವಿಯನ್ನೂ ಸರಕಾರಿ ಕಾನೂನು ಕಾಲೇಜಿನಲ್ಲಿ ಕಾನೂನು ಶಿಕ್ಷಣವನ್ನೂ ಪಡೆದರು. 1937ರಲ್ಲಿ ಜೋಕಿಂ ಆಳ್ವರ ಕೈಹಿಡಿದರು. ಕರಾವಳಿಯ ಕಥೋಲಿಕ ತರುಣನೂ ಗುಜರಾತಿನ ಪ್ರೊಟೆಸ್ಟಂಟ್ ತರುಣಿಯೂ ಕೂಡಿ ಮನೆ ಕಟ್ಟುವುದು ಆ ದಿನಗಳಲ್ಲಿ ಸಾಮಾನ್ಯ ಸಂಗತಿಯಾಗಿರಲಿಲ್ಲ.

1943ರಲ್ಲಿ ಬ್ರಿಟಿಷ್ ಸರಕಾರ ವಯಲೆಟ್ ಅವರನ್ನು ಬಂಧಿಸಿದಾಗ ಅವರ ಮಡಿಲಲ್ಲಿ ಐದು ತಿಂಗಳ ಹಸುಗೂಸಿತ್ತು. ಆ ಮಗುವನ್ನೆತ್ತಿಕೊಂಡೇ ಅವರು ಆರ್ಥರ್ ರೋಡ್ ಸೆರೆಮನೆಯೊಳಗೆ ನಡೆದರು. ಮರುವರ್ಷ ಉಚ್ಚ ನ್ಯಾಯಾಲಯದ ಪೂರ್ಣಪೀಠದ ಮುಂದೆ ವಾದ ಮಂಡಿಸಿದ ದೇಶದ ಮೊದಲ ಮಹಿಳಾ ನ್ಯಾಯವಾದಿ ಎನಿಸಿದರು. ಗಂಡಹೆಂಡಿರಿಬ್ಬರ ಈ ಜೀವನಕ್ರಮವನ್ನು ಬಲ್ಲವರಿಗೆ, ಸ್ವಾತಂತ್ರ್ಯಾನಂತರ 1949ರಲ್ಲಿ ಆಳ್ವರು ಮುಂಬಯಿಯ ಶೆರಿಫ್ ಆದದ್ದಾಗಲಿ, 1950ರಲ್ಲಿ ಹಂಗಾಮಿ ಸಂಸತ್ತಿಗೆ ಹೋದದ್ದಾಗಲಿ ಅಚ್ಚರಿಯೆನಿಸಲಿಲ್ಲ.

ಮೀಸಲು ಸ್ಥಾನ ಬೇಡವೆಂದ ಸಮಾಜ

ಆಳ್ವರು ನಮ್ಮ ಜಿಲ್ಲೆಗೆ ಬಂದ ಕಥೆಯನ್ನು ಹೇಳುವ ಮುನ್ನ, ಅದಕ್ಕೆ ಹಿನ್ನೆಲೆಯಾದ ಒಂದು ಮಹತ್ವದ ನಿರ್ಣಯವನ್ನು ಸ್ಮರಿಸಬೇಕು. ಬ್ರಿಟಿಷರ 1935ರ ಕಾಯಿದೆಯ ಪ್ರಕಾರ ಮುಂಬಯಿ, ಮದರಾಸು ಮೊದಲಾದ ಪ್ರಾಂತಗಳ ಶಾಸನಸಭೆಗಳಲ್ಲಿ ಭಾರತೀಯ ಕ್ರೈಸ್ತರಿಗೆ ಪ್ರತ್ಯೇಕ ಸ್ಥಾನಗಳಿದ್ದವು. ಕ್ರೈಸ್ತರನ್ನು ಕ್ರೈಸ್ತರೇ ಆರಿಸುವ ಏರ್ಪಾಡು ಅದು. ಸಂವಿಧಾನ ರಚನಾಸಭೆಯಲ್ಲಿ ಈ ಪ್ರಶ್ನೆ ಮತ್ತೆ ಬಂದಾಗ, ಸಭೆಯ ಉಪಾಧ್ಯಕ್ಷರಾಗಿದ್ದ ಹರೇಂದ್ರ ಕುಮಾರ್ ಮುಖರ್ಜಿ, ಮಂಗಳೂರಿನಲ್ಲಿ ಜನಿಸಿದ ಯೇಸುಸಭೆಯ ವಂದನೀಯ ಫಾದರ್ ಜೆರೋಮ್ ಡಿಸೋಜ ಮೊದಲಾದ ಕ್ರೈಸ್ತ ನಾಯಕರು ನಮಗೆ ಕಾಯ್ದಿರಿಸಿದ ಸ್ಥಾನಗಳು ಬೇಡವೆಂಬ ನಿಲುವಿಗೆ ಬಂದರು. ಧಾರ್ಮಿಕ ಅಲ್ಪಸಂಖ್ಯಾತರಿಗೆ ಮೀಸಲು ಸ್ಥಾನಗಳ ಏರ್ಪಾಡನ್ನು ಸಭೆಯು 1949ರಲ್ಲಿ ಕೈಬಿಟ್ಟಿತು.

ಇದು ಕೇವಲ ಔದಾರ್ಯವಾಗಿರಲಿಲ್ಲ, ಒಂದು ಪಣವಾಗಿತ್ತು. ನೆರೆಹೊರೆಯವರ ವಿಶ್ವಾಸವನ್ನೇ ರಕ್ಷೆಯೆಂದು ನಂಬಿದ ಸಣ್ಣ ಸಮುದಾಯವೊಂದು, ಕೈಯಲ್ಲಿದ್ದ ಖಚಿತ ಸ್ಥಾನಗಳನ್ನು ಬಿಟ್ಟುಕೊಟ್ಟಿತು. ಆ ನಂಬಿಕೆ ಫಲಿಸುವುದೋ ಹುಸಿಯಾಗುವುದೋ ಎಂಬುದು ತಿಳಿಯಬೇಕಾದದ್ದು ಮೊದಲ ಮಹಾ ಚುನಾವಣೆಯಲ್ಲಿ. ಆ ಪರೀಕ್ಷೆ ನಡೆದ ಸ್ಥಳಗಳಲ್ಲಿ ನಮ್ಮ ಕೆನರಾ ಕ್ಷೇತ್ರವೂ ಒಂದು.

ಜೋಡೆತ್ತಿನ ಪೆಟ್ಟಿಗೆ

ಉತ್ತರ ಕನ್ನಡವು 1862ರಲ್ಲಿ ಮದರಾಸು ಪ್ರಾಂತದಿಂದ ಮುಂಬಯಿ ಪ್ರಾಂತಕ್ಕೆ ಸೇರಿದ ಜಿಲ್ಲೆ. 1952ರಲ್ಲಿಯೂ ಅದು ಮುಂಬಯಿ ರಾಜ್ಯದಲ್ಲಿಯೇ ಇತ್ತು. ನ್ಯಾಯಕ್ಕೂ ನೌಕರಿಗೂ ಮುಂಬಯಿಯತ್ತ ಮುಖಮಾಡಿದ್ದ ಕಾರವಾರದ ಜನರಿಗೆ ಮುಂಬಯಿಯ ನಾಯಕನೊಬ್ಬ ತೀರ ಪರಕೀಯನಾಗಿ ಕಾಣಿಸಿರಲಾರ. ಆದರೂ ಲೆಕ್ಕಾಚಾರದ ದೃಷ್ಟಿಯಿಂದ ನೋಡಿದರೆ ಕಾಂಗ್ರೆಸ್ಸಿನ ಆಯ್ಕೆ ಧೈರ್ಯದ್ದೇ. ಅಭ್ಯರ್ಥಿ ಜಿಲ್ಲೆಯವರಲ್ಲ. ಅವರು ಹುಟ್ಟಿದ ಬೆಳ್ಳೆ ಆಗ ಮದರಾಸು ರಾಜ್ಯಕ್ಕೆ ಸೇರಿತ್ತು. ಧರ್ಮದಿಂದ ಕ್ರೈಸ್ತರು. ನಮ್ಮ ಜಿಲ್ಲೆಯಲ್ಲಿ ಕ್ರೈಸ್ತರ ಸಂಖ್ಯೆ 2011ರ ಜನಗಣತಿಯಲ್ಲಿಯೂ ನೂರಕ್ಕೆ ಸುಮಾರು ಮೂರು ಮಾತ್ರ. ಈ ಮೂರರ ಬಲದಿಂದ ಗೆಲ್ಲುವುದು ಯಾರಿಂದಲೂ ಆಗದ ಮಾತು.

ಇನ್ನು ಮತದಾರರು ಯಾರು? ಅಂಕೋಲೆಯನ್ನೇ ತೆಗೆದುಕೊಳ್ಳೋಣ. 1930ರ ಏಪ್ರಿಲ್ 13ರಂದು ಎಂ.ಪಿ. ನಾಡಕರ್ಣಿಯವರ ನೇತೃತ್ವದಲ್ಲಿ ಉಪ್ಪಿನ ಕಾಯಿದೆಯನ್ನು ಮುರಿದ ಊರು ಅದು. ಮುಂದೆ ಕರನಿರಾಕರಣೆಯ ಹೋರಾಟದಲ್ಲಿ ಅಲ್ಲಿಯ ರೈತರು ಭೂಮಿ, ಮನೆ, ದನಕರುಗಳನ್ನು ಕಳೆದುಕೊಂಡರು. 'ಕರ್ನಾಟಕದ ಬಾರ್ಡೋಲಿ' ಎಂಬ ಬಿರುದು ಅಂಕೋಲೆಗೆ ಪುಕ್ಕಟೆಯಾಗಿ ಬಂದುದಲ್ಲ. ದೇಶಕ್ಕಾಗಿ ಸ್ವಂತದ್ದನ್ನು ಕಳೆದುಕೊಂಡ ಇಂಥ ಜನರು ಅಭ್ಯರ್ಥಿಯನ್ನು ಅಳೆಯುವಾಗ, ಆತ ಯಾವ ದೇವರಿಗೆ ಮೊಣಕಾಲೂರುತ್ತಾನೆ ಎಂಬುದಕ್ಕಿಂತ ಆತನೂ ಸೆರೆಮನೆ ಕಂಡವನೇ ಎಂಬ ಪ್ರಶ್ನೆಯನ್ನು ಮೊದಲು ಕೇಳಿದ್ದರೆ ಅದು ಸಹಜವೇ. ಆ ಪ್ರಶ್ನೆಗೆ ಆಳ್ವರಲ್ಲಿಯೂ ಅವರ ಪತ್ನಿಯಲ್ಲಿಯೂ ಉತ್ತರವಿತ್ತು.

ಅಂದಿನ ಮತದಾನದ ಕ್ರಮವೂ ಇಂದಿನಂತಿರಲಿಲ್ಲ. ಪ್ರತಿಯೊಬ್ಬ ಅಭ್ಯರ್ಥಿಗೂ ಬೇರೆ ಬೇರೆ ಪೆಟ್ಟಿಗೆ, ಪೆಟ್ಟಿಗೆಯ ಮೇಲೆ ಚಿಹ್ನೆ. ಮತದಾರನು ಚೀಟಿಯ ಮೇಲೆ ಗುರುತು ಹಾಕುವ ಗೋಜಿಲ್ಲದೆ, ತನಗೆ ಬೇಕಾದ ಪೆಟ್ಟಿಗೆಯೊಳಗೆ ಅದನ್ನು ಹಾಕಿ ಬರುತ್ತಿದ್ದ. ಕಾಂಗ್ರೆಸ್ಸಿನದು ನೊಗ ಹೊತ್ತ ಜೋಡೆತ್ತಿನ ಚಿತ್ರ. "ಹಾಗಾದರೆ ಗೆದ್ದುದು ಜೋಡೆತ್ತು, ಆಳ್ವರಲ್ಲ" ಎಂದು ವಾದಿಸುವವರಿರಬಹುದು. ಆ ವಾದದಲ್ಲಿ ಸತ್ಯಾಂಶವಿದೆ. ನೆಹರೂ ಅವರ ಹೆಸರು, ಗಾಂಧೀಜಿಯವರ ನೆನಪು ಅಂದಿನ ಬಹಳಷ್ಟು ಅಭ್ಯರ್ಥಿಗಳನ್ನು ದಡ ಸೇರಿಸಿದ್ದು ನಿಜ. ಆದರೆ 1952ರಲ್ಲಿ ಗೆದ್ದವರನ್ನು 1957ರಲ್ಲಿ, ಮತ್ತೆ 1962ರಲ್ಲಿ ಇದೇ ಜನರು ಆರಿಸಿ ಕಳುಹಿಸಿದರು. ಒಮ್ಮೆ ಪರಿಚಯವಿಲ್ಲದೆ ಮತ ಹಾಕಬಹುದು, ಮೂರು ಬಾರಿ ಹಾಕುವವರು ಒಪ್ಪಿಯೇ ಹಾಕಿರಬೇಕು.

ಆಳ್ವರ ಕ್ಷೇತ್ರದ ಸ್ವರೂಪವನ್ನೂ ಊಹಿಸಿಕೊಳ್ಳಬೇಕು. ಕರಾವಳಿಗೆ ರೈಲು ಬಂದಿರಲಿಲ್ಲ. ಕೊಂಕಣ ರೈಲ್ವೆ ಪೂರ್ಣಗೊಂಡದ್ದು 1998ರಲ್ಲಿ. ಕೋಡಿಬಾಗ–ಸದಾಶಿವಗಡಗಳ ನಡುವೆ ಕಾಳಿ ನದಿಗೆ ಹೆದ್ದಾರಿಯ ಸೇತುವೆಯಿರಲಿಲ್ಲ. 1980ರ ದಶಕದಲ್ಲಿ ಬಳಕೆಗೆ ಬಂದು 2024ರ ಆಗಸ್ಟ್ ತಿಂಗಳಲ್ಲಿ ಕುಸಿದುಬಿದ್ದ ಆ ಸೇತುವೆ ಕೂಡ ಆಗ ಕನಸೇ. ಕಾರವಾರಕ್ಕೆ ಸರ್ವಋತು ಬಂದರು ಬೇಕು, ಹುಬ್ಬಳ್ಳಿಯಿಂದ ಕರಾವಳಿಗೆ ರೈಲು ಬೇಕು ಎಂಬ ಬೇಡಿಕೆಗಳು ಧಾರವಾಡದ ಹತ್ತಿಯನ್ನು ಸಮುದ್ರಕ್ಕೆ ಸಾಗಿಸುವ ಹತ್ತೊಂಬತ್ತನೆಯ ಶತಮಾನದ ಯೋಜನೆಗಳಷ್ಟು ಹಳೆಯವು. ಹುಬ್ಬಳ್ಳಿ–ಅಂಕೋಲಾ ರೈಲುಮಾರ್ಗ ಇಂದಿಗೂ ನಕ್ಷೆಯಲ್ಲಿಯೇ ಇದೆ. ಇಂಥ ಜಿಲ್ಲೆಯನ್ನು ಪ್ರತಿನಿಧಿಸುವುದೆಂದರೆ ಪ್ರತಿ ಚುನಾವಣೆಯಲ್ಲಿಯೂ ಅವೇ ಪ್ರಶ್ನೆಗಳನ್ನು ಹೊಸ ಮುಖಗಳೆದುರು ಉತ್ತರಿಸುವುದೆಂದೇ ಅರ್ಥ.

ಗಡಿಯ ಆಚೆ ಪೋರ್ತುಗಲ್

ಆಳ್ವರ ಹದಿನೈದು ವರ್ಷಗಳಲ್ಲಿ ನಮ್ಮ ಜಿಲ್ಲೆಯ ಎಲ್ಲೆಗೆರೆಗಳೆಲ್ಲ ಒಂದೊಂದಾಗಿ ಬದಲಾದವು. ಮೊದಲು ಬದಲಾದದ್ದು ಧರ್ಮಸಭೆಯ ಎಲ್ಲೆ. ಅಲ್ಲಿಯವರೆಗೆ ಗೋವೆಯ ಮಹಾಧರ್ಮಪ್ರಾಂತ್ಯದ ಛತ್ರದಡಿಯಲ್ಲಿದ್ದ ನಮ್ಮ ಕಡೆಯ ಇಗರ್ಜಿಗಳು 1953ರ ಸೆಪ್ಟೆಂಬರಿನಲ್ಲಿ ಸ್ಥಾಪಿತವಾದ ಬೆಳಗಾವಿ ಧರ್ಮಪ್ರಾಂತ್ಯಕ್ಕೆ ಸೇರಿದವು. ಆಮೇಲೆ ಬದಲಾದದ್ದು ರಾಜ್ಯದ ಎಲ್ಲೆ. 1956ರ ನವೆಂಬರ್ 1ರಂದು ಉತ್ತರ ಕನ್ನಡ, ದಕ್ಷಿಣ ಕನ್ನಡಗಳೆರಡೂ ವಿಶಾಲ ಮೈಸೂರು ರಾಜ್ಯದಲ್ಲಿ ಒಂದಾದವು. ಆಳ್ವರ ಹುಟ್ಟೂರು ಮತ್ತು ಅವರ ಕ್ಷೇತ್ರ ಒಂದೇ ರಾಜ್ಯಕ್ಕೆ ಸೇರಿದ್ದು ಆ ದಿನ. ಕೊನೆಗೆ ಬದಲಾದದ್ದು ದೇಶದ ಎಲ್ಲೆ. ಅದು ಮಾಜಾಳಿಯಾಚೆಗಿನ ಗೋವೆಯ ಪ್ರಶ್ನೆ.

ಆ ಪ್ರಶ್ನೆ ನಮ್ಮ ಹಿರಿಯರಿಗೆ ಕೇವಲ ರಾಜಕೀಯವಾಗಿರಲಿಲ್ಲ. ಕಾರವಾರದ ಕಥೋಲಿಕರಿಗೂ ಕಾಣಕೋಣದ ಕಥೋಲಿಕರಿಗೂ ಭಾಷೆ ಒಂದು, ಪ್ರಾರ್ಥನೆ ಒಂದು, ನೆಂಟಸ್ತಿಕೆ ಹಳೆಯದು. 1955ರ ಆಗಸ್ಟ್ 15ರಂದು ಗೋವೆಯ ಗಡಿ ದಾಟಿದ ನಿರಾಯುಧ ಸತ್ಯಾಗ್ರಹಿಗಳ ಮೇಲೆ ಪೋರ್ತುಗೀಜ್ ಪೊಲೀಸರು ಗುಂಡು ಹಾರಿಸಿದ ನಂತರ ಭಾರತವು ಗಡಿಯನ್ನು ಮುಚ್ಚಿತು. ಬಂಧುಗಳ ನಡುವೆ ಬೇಲಿ ಬಿತ್ತು. ಇದಕ್ಕಿಂತ ಕಠಿಣವಾದದ್ದು ಲಿಸ್ಬನ್ನಿನ ಸರ್ವಾಧಿಕಾರಿ ಸಾಲಜಾರನ ಪ್ರಚಾರ. ಗೋವೆಯಲ್ಲಿ ತಾನು ರಕ್ಷಿಸುತ್ತಿರುವುದು ಕ್ರೈಸ್ತ ಸಂಸ್ಕೃತಿಯನ್ನು ಎಂದು ಆತ ಜಗತ್ತಿಗೆ ಸಾರುತ್ತಿದ್ದ. ಈ ಮಾತು ಒಪ್ಪಿಗೆಯಾದರೆ, ಗಡಿಯ ಈಚೆಗಿನ ಪ್ರತಿಯೊಬ್ಬ ಕಥೋಲಿಕನ ದೇಶನಿಷ್ಠೆಯೂ ಪ್ರಶ್ನಾರ್ಹವಾಗುತ್ತಿತ್ತು.

ಇಂಥ ಸಮಯದಲ್ಲಿ ಗೋವೆಗೆ ತಾಗಿಕೊಂಡಿರುವ ಜಿಲ್ಲೆಯ ಲೋಕಸಭಾ ಸದಸ್ಯರೇ ಕೊಂಕಣಿ ಮಾತೃಭಾಷೆಯ ಕಥೋಲಿಕರಾಗಿದ್ದರೆಂಬುದು ಸಣ್ಣ ಮಾತಲ್ಲ. ವಿದೇಶಾಂಗ ವ್ಯವಹಾರಗಳಲ್ಲಿ ವಿಶೇಷ ಆಸಕ್ತಿಯಿದ್ದ ಆಳ್ವರು ಸಾಲಜಾರನ ವಾದಕ್ಕೆ ಜೀವಂತ ಪ್ರತ್ಯುತ್ತರವಾಗಿದ್ದರು. ಕ್ರೈಸ್ತನಾಗಿರಲು ಪೋರ್ತುಗೀಜ್ ಧ್ವಜದ ನೆರಳು ಬೇಕಿಲ್ಲವೆಂಬುದನ್ನು ಹೇಳಲು ಅವರಿಗೆ ದೀರ್ಘ ಭಾಷಣದ ಅಗತ್ಯವಿರಲಿಲ್ಲ. ಬಹುಸಂಖ್ಯಾತ ಹಿಂದೂ ಮತದಾರರಿಂದ ಆರಿಸಲ್ಪಟ್ಟು ಆ ಸಭೆಯಲ್ಲಿ ಕುಳಿತಿದ್ದುದೇ ಸಾಕಾಗಿತ್ತು.

ಕಾರವಾರದ ಕಡಲ ಕಿನಾರೆಯಲ್ಲಿ ನಿಂತವರ ಕಣ್ಣಿಗೆ ಬೀಳುವ ಅಂಜುದೀವ ದ್ವೀಪದ ಕಥೆ ಇದನ್ನೇ ಮತ್ತೊಂದು ಬಗೆಯಲ್ಲಿ ಹೇಳುತ್ತದೆ. 1505ರಲ್ಲಿ ಪೋರ್ತುಗೀಜರು ಕೋಟೆ ಕಟ್ಟಿದ ಈ ನಡುಗಡ್ಡೆ ನಮ್ಮ ಕರೆಗೆ ಕೂಗಳತೆಯಲ್ಲಿದ್ದರೂ ಗೋವೆಯ ಭಾಗ. ಬ್ರೋತಸ್ ಮಾತೆಯ ದೇವಾಲಯ ಅಲ್ಲಿದೆ. ಫೆಬ್ರವರಿ 2ರ ಹಬ್ಬಕ್ಕೆ ಕರಾವಳಿಯ ಭಕ್ತರು ದೋಣಿಗಳಲ್ಲಿ ಹೋಗಿಬರುತ್ತಿದ್ದರು. 1961ರ ನವೆಂಬರಿನಲ್ಲಿ ಇದೇ ದ್ವೀಪದಿಂದ ಪೋರ್ತುಗೀಜ್ ಸೈನಿಕರು ಸಾಬರಮತಿ ಎಂಬ ಭಾರತೀಯ ಹಡಗಿನ ಮೇಲೂ ಮೀನುಗಾರರ ದೋಣಿಗಳ ಮೇಲೂ ಗುಂಡು ಹಾರಿಸಿದರು. ಬಡ ಮೀನುಗಾರನೊಬ್ಬ ಪ್ರಾಣ ತೆತ್ತನು. ಡಿಸೆಂಬರ್ 18ರಂದು ಭಾರತೀಯ ನೌಕಾಪಡೆಯ ತುಕಡಿ ದ್ವೀಪಕ್ಕೆ ಇಳಿಯಿತು. ಅದನ್ನು ವಶಪಡಿಸಿಕೊಳ್ಳುವ ಕಾರ್ಯದಲ್ಲಿ ಏಳು ಮಂದಿ ನಾವಿಕರು ವೀರಮರಣವನ್ನಪ್ಪಿದರು. ಮರುದಿನ ಗೋವೆ ಸ್ವತಂತ್ರವಾಯಿತು. ಇದಾಗಿ ಕೆಲವೇ ತಿಂಗಳಲ್ಲಿ, 1962ರ ಚುನಾವಣೆಯಲ್ಲಿ, ಗಡಿಯ ಈ ಕ್ಷೇತ್ರವು ತನ್ನ ಕಥೋಲಿಕ ಸದಸ್ಯನನ್ನು ಮೂರನೆಯ ಬಾರಿ ಆರಿಸಿತು. ಶಂಕೆಗೆ ಜನರು ಕೊಟ್ಟ ಉತ್ತರವದು.

ಅದೇ ವರ್ಷ ವಯಲೆಟ್ ಆಳ್ವರು ರಾಜ್ಯಸಭೆಯ ಉಪಸಭಾಪತಿಯಾಗಿ ಆಯ್ಕೆಯಾದರು. 1952ರಲ್ಲಿ ರಾಜ್ಯಸಭೆಗೆ ಬಂದು, 1957ರಲ್ಲಿ ಗೃಹಖಾತೆಯ ಉಪಮಂತ್ರಿಯಾಗಿದ್ದ ಅವರು ಆ ಪೀಠವನ್ನೇರಿದ ಮೊದಲ ಮಹಿಳೆ. ದೇಶದ ನೌಕಾರಕ್ಷಣೆಯ ಕುರಿತು ಸದನದಲ್ಲಿ ಆಸಕ್ತಿ ವಹಿಸಿದವರಲ್ಲಿ ಅವರೂ ಒಬ್ಬರೆಂಬುದನ್ನು ಇಂದು ನೌಕಾನೆಲೆಯ ಊರಾಗಿರುವ ಕಾರವಾರದವರು ವಿಶೇಷವಾಗಿ ನೆನೆಯಬಹುದು.

ಅಂಕೋಲೆಯ ಮಗನಿಗೆ ಸಂದ ಸ್ಥಾನ

1967ರಲ್ಲಿ ಕೆನರಾ ಕ್ಷೇತ್ರದ ಮತದಾರರು ಬೇರೊಂದು ತೀರ್ಮಾನ ಮಾಡಿದರು. ಅಂಕೋಲಾ ತಾಲೂಕಿನ ಅಲಗೇರಿಯ ದಿನಕರ ದೇಸಾಯಿಯವರು ಪಕ್ಷೇತರರಾಗಿ ನಿಂತು ಲೋಕಸಭೆಗೆ ಆರಿಸಿಬಂದರು. ಚುಟುಕಗಳಿಂದ ನಾಡಿಗೆಲ್ಲ ಪರಿಚಿತರಾದ ದೇಸಾಯಿಯವರು ಭಾರತ ಸೇವಕ ಸಮಾಜದ ಸದಸ್ಯರು, ರೈತರ ಪರವಾಗಿ ಹೋರಾಡಿದವರು. 1953ರಲ್ಲಿ ಕೆನರಾ ವೆಲ್‌ಫೇರ್ ಟ್ರಸ್ಟನ್ನು ಸ್ಥಾಪಿಸಿ ಜಿಲ್ಲೆಯ ಮೂಲೆಮೂಲೆಗಳಲ್ಲಿ ಶಾಲೆಗಳನ್ನು ತೆರೆದವರು. ಬಡವರ ಮಕ್ಕಳ ಕೈಗೆ ಸ್ಲೇಟು ಕೊಟ್ಟವರಿಗೆ ಬಡವರು ಮತ ಕೊಟ್ಟರು.

ಈ ಘಟನೆಯನ್ನು ನಮ್ಮ ಸಮಾಜದ ಸೋಲೆಂದು ಭಾವಿಸುವುದು ಸರಿಯಲ್ಲ. ಕ್ರೈಸ್ತನೆಂಬ ಕಾರಣಕ್ಕೆ ಆಳ್ವರನ್ನು ಯಾರೂ ಆರಿಸಿರಲಿಲ್ಲ. ಆದ್ದರಿಂದ ಅವರ ಸ್ಥಾನ ಇನ್ನೊಬ್ಬರಿಗೆ ಸಂದದ್ದನ್ನೂ ಆ ಲೆಕ್ಕದಲ್ಲಿ ನೋಡಬೇಕಾಗಿಲ್ಲ. ಆ ಚುನಾವಣೆಯಲ್ಲಿ ಜಿಲ್ಲೆಯ ಜನರು ಜೋಡೆತ್ತಿನ ಪಕ್ಷವನ್ನೂ ಬದಿಗಿಟ್ಟು ವ್ಯಕ್ತಿಯನ್ನು ನೋಡಿ ಮತ ಹಾಕಿದರೆಂಬುದು ಗಮನಾರ್ಹ. ದೆಹಲಿಯಲ್ಲಿ ಮಾತನಾಡಬಲ್ಲವರು ಬೇಕು, ಅದರಂತೆಯೇ ಊರಿನಲ್ಲಿ ಶಾಲೆ ಕಟ್ಟಬಲ್ಲವರೂ ಬೇಕು. ಮುಂಬಯಿ–ದೆಹಲಿಗಳಲ್ಲಿ ಬದುಕು ಕಟ್ಟಿಕೊಂಡಿದ್ದ ಆಳ್ವರಿಗಿಂತ, ನೆಲದ ಮಗನಾದ ದೇಸಾಯಿಯವರಿಗೆ ಎರಡನೆಯದು ಹೆಚ್ಚಾಗಿ ಒಲಿದಿತ್ತೆಂದು ಒಪ್ಪಿಕೊಳ್ಳುವುದರಿಂದ ಆಳ್ವರ ಗೌರವಕ್ಕೇನೂ ಕುಂದಿಲ್ಲ.

1968ರಲ್ಲಿ ರಾಷ್ಟ್ರಪತಿಗಳು ಆಳ್ವರನ್ನು ರಾಜ್ಯಸಭೆಗೆ ನಾಮಕರಣ ಮಾಡಿದರು. ಪೀಠದಲ್ಲಿ ಪತ್ನಿ, ಸದಸ್ಯರ ಸಾಲಿನಲ್ಲಿ ಪತಿ. ಆ ಅಪೂರ್ವ ದೃಶ್ಯ ಬಹುಕಾಲ ಉಳಿಯಲಿಲ್ಲ. ಉಪರಾಷ್ಟ್ರಪತಿ ಸ್ಥಾನಕ್ಕೆ ತಮ್ಮ ಹೆಸರಿಗೆ ಬೆಂಬಲ ದೊರೆಯದಿದ್ದಾಗ ವಯಲೆಟ್ ಅವರು 1969ರ ನವೆಂಬರಿನಲ್ಲಿ ರಾಜೀನಾಮೆಯಿತ್ತರು. ಅದಾದ ಕೆಲವೇ ದಿನಗಳಲ್ಲಿ, ನವೆಂಬರ್ 20ರಂದು, ಮಿದುಳಿನ ರಕ್ತಸ್ರಾವದಿಂದ ನಿಧನರಾದರು. 1974ರವರೆಗೆ ಸದನದಲ್ಲಿದ್ದ ಜೋಕಿಂ ಆಳ್ವರು 1979ರ ಜೂನ್ 28ರಂದು ದೈವಾಧೀನರಾದರು. ಅಷ್ಟರಲ್ಲಿ ಕಾರವಾರ ಸ್ವತಂತ್ರ ಧರ್ಮಪ್ರಾಂತ್ಯವಾಗಿ ಮೂರು ವರ್ಷಗಳಾಗಿದ್ದವು.

ಸೊಸೆಯ ಸರದಿ

ಮಾವ ರಾಜ್ಯಸಭೆಯಿಂದ ನಿವೃತ್ತರಾದ 1974ರಲ್ಲಿಯೇ ಸೊಸೆ ಆ ಸದನವನ್ನು ಪ್ರವೇಶಿಸಿದರು. ಮಂಗಳೂರಿನಲ್ಲಿ 1942ರ ಏಪ್ರಿಲ್ 14ರಂದು ಜನಿಸಿ, 1964ರಲ್ಲಿ ಆಳ್ವ ದಂಪತಿಗಳ ಪುತ್ರ ನಿರಂಜನರನ್ನು ವಿವಾಹವಾದ ಮಾರ್ಗರೆಟ್ ಆಳ್ವ ಅವರು 1998ರವರೆಗೆ ನಾಲ್ಕು ಅವಧಿಗಳ ಕಾಲ ರಾಜ್ಯಸಭೆಯಲ್ಲಿದ್ದರು. ಕೇಂದ್ರದಲ್ಲಿ ಸಚಿವೆಯಾಗಿ ಮಹಿಳೆಯರ ಅಭ್ಯುದಯದ ಖಾತೆಯನ್ನು ನಿರ್ವಹಿಸಿದರು. ಸ್ಥಳೀಯ ಸಂಸ್ಥೆಗಳಲ್ಲಿ ಮಹಿಳೆಯರಿಗೆ ಮೂರನೆಯ ಒಂದಂಶ ಸ್ಥಾನಗಳು ದೊರೆಯುವಂತಾಗಲು ದುಡಿದವರಲ್ಲಿ ಅವರು ಪ್ರಮುಖರು. 1993ರಲ್ಲಿ ಸಂವಿಧಾನದ 73ನೆಯ ತಿದ್ದುಪಡಿ ಜಾರಿಗೆ ಬಂದು ದೇಶದ ಗ್ರಾಮ ಪಂಚಾಯತಿಗಳಲ್ಲೆಲ್ಲ ಆ ಹಕ್ಕು ಸ್ಥಿರವಾಯಿತು.

1999ರಲ್ಲಿ ಅವರು ಮಾವನವರ ಹಳೆಯ ಕ್ಷೇತ್ರವಾದ ಕೆನರಾದಿಂದ ಲೋಕಸಭೆಗೆ ಆರಿಸಿಬಂದರು. 2004ರಲ್ಲಿ ಅದೇ ಕ್ಷೇತ್ರದಲ್ಲಿ ಸೋತರು. ಬಳಿಕ ಉತ್ತರಾಖಂಡ, ರಾಜಸ್ಥಾನಗಳ ರಾಜ್ಯಪಾಲೆಯಾದರು. 2022ರಲ್ಲಿ ವಿರೋಧ ಪಕ್ಷಗಳ ಪರವಾಗಿ ಉಪರಾಷ್ಟ್ರಪತಿ ಸ್ಥಾನಕ್ಕೆ ಸ್ಪರ್ಧಿಸಿ ಪರಾಭವಗೊಂಡರು. 1969ರಲ್ಲಿ ಅತ್ತೆಯವರ ಕೈಗೆಟುಕದ ಪದವಿ ಐವತ್ತಮೂರು ವರ್ಷಗಳ ಅನಂತರ ಸೊಸೆಯ ಕೈಗೂ ಎಟುಕಲಿಲ್ಲ. ಸಾರ್ವಜನಿಕ ಬದುಕಿನಲ್ಲಿ ಗೆಲುವಿನಷ್ಟೇ ಸೋಲೂ ಪಾಲಿಗೆ ಬರುತ್ತದೆ. ಅದನ್ನು ಸ್ವೀಕರಿಸಿ ಮತ್ತೆ ಎದ್ದು ನಿಲ್ಲುವ ಸತ್ವವನ್ನು ಈ ಮನೆತನದಿಂದ ಕಲಿಯಬೇಕು.

ನಮ್ಮ ಪಾಲಿನ ಪಾಠ

ಈಗ ಇಗರ್ಜಿಯ ಅಂಗಳದ ಆ ಹಳೆಯ ಪ್ರಶ್ನೆಗ ಮರಳೋಣ. ನಮಗೆ ಓಟು ಹಾಕುವವರು ಯಾರು? ನಮ್ಮವರೆಂದು ನಾವು ಹಚ್ಚಿಕೊಂಡವರೇ ಹಾಕುತ್ತಾರೆ. ಆಳ್ವರು ಮತ ಕೇಳಿದ್ದು ನೂರಕ್ಕೆ ಮೂರರ ಪರವಾಗಿ ಅಲ್ಲ. ಉಳಿದ ತೊಂಬತ್ತೇಳು ಮಂದಿಯ ಸ್ವಾತಂತ್ರ್ಯಕ್ಕಾಗಿ ಅವರು ಇಪ್ಪತ್ತು ವರ್ಷ ಮೊದಲೇ ಬೆಲೆ ತೆತ್ತಿದ್ದರು. ಮತ ಆಮೇಲೆ ಬಂತು, ತ್ಯಾಗ ಮೊದಲಿತ್ತು. ನಾವು ಈ ಅನುಕ್ರಮವನ್ನು ತಿರುವುಮುರುವು ಮಾಡುತ್ತೇವೆ. ಚುನಾವಣೆ ಬಂದಾಗ ಮಾತ್ರ ನಮ್ಮ ಸಂಖ್ಯೆಯನ್ನು ಎಣಿಸುತ್ತೇವೆ, ಸಾಲದೆಂದು ಕಂಡಾಗ ಬಾಗಿಲು ಮುಚ್ಚಿಕೊಳ್ಳುತ್ತೇವೆ.

ನಮ್ಮ ಕರಾವಳಿಯಲ್ಲಿ ದುಡಿಮೆಗೇನೂ ಕೊರತೆಯಿಲ್ಲ. 1986ರ ಅಕ್ಟೋಬರಿನಲ್ಲಿ ಸೀಬರ್ಡ್ ನೌಕಾನೆಲೆಗೆ ಅಡಿಗಲ್ಲು ಬಿದ್ದಂದಿನಿಂದ ಕಾರವಾರ, ಅಂಕೋಲಾ ತಾಲೂಕುಗಳ ಸಾವಿರಾರು ಕುಟುಂಬಗಳು ಮನೆ, ಗದ್ದೆ, ತೋಟಗಳನ್ನು ಬಿಟ್ಟು ಹೊರಟವು. ಸರಿಯಾದ ಪರಿಹಾರಕ್ಕಾಗಿ ಅವು ದಶಕಗಳ ಕಾಲ ನ್ಯಾಯಾಲಯದ ಮೆಟ್ಟಿಲು ಹತ್ತಿಳಿದವು. ಅಂಜುದೀವವೂ ನೌಕಾನೆಲೆಯ ಪಾಲಾಗಿ, ಹಿಂದಿನಂತೆ ದೋಣಿಯೇರಿ ಹಬ್ಬಕ್ಕೆ ಹೋಗುವ ಸ್ವಾತಂತ್ರ್ಯ ಭಕ್ತರಿಗೆ ಉಳಿಯಲಿಲ್ಲ. ನಿರಾಶ್ರಿತರ ಅರ್ಜಿ ಬರೆಯುವುದು, ಕಚೇರಿಗೆ ಜೊತೆಗೆ ಹೋಗುವುದು, ಗ್ರಾಮಸಭೆಯಲ್ಲಿ ಎದ್ದು ನಿಂತು ಮಾತನಾಡುವುದು, ಇವೆಲ್ಲ ರಾಜಕೀಯವೇ. ಇದಕ್ಕೆ ಪಕ್ಷದ ಟಿಕೇಟು ಬೇಕಿಲ್ಲ. ಮತ್ತು ಆ ಅರ್ಜಿ ಯಾರದೆಂದು ನೋಡುವಾಗ ಅರ್ಜಿದಾರನ ಧರ್ಮವನ್ನು ಕೇಳಬೇಕಿಲ್ಲ.

ಎರಡನೆಯ ವ್ಯಾಟಿಕನ್ ಮಹಾಸಭೆಯು 1965ರಲ್ಲಿ ಆಧುನಿಕ ಜಗತ್ತಿನಲ್ಲಿ ಧರ್ಮಸಭೆಯ ಸ್ಥಾನವನ್ನು ಕುರಿತ ತನ್ನ ದಸ್ತಾವೇಜಿನಲ್ಲಿ ರಾಜಕಾರಣವನ್ನು ಕಷ್ಟಸಾಧ್ಯವೂ ಉದಾತ್ತವೂ ಆದ ಕಲೆಯೆಂದು ಪರಿಗಣಿಸಿ, ಯೋಗ್ಯರು ಅದಕ್ಕೆ ತಮ್ಮನ್ನು ಸಿದ್ಧಪಡಿಸಿಕೊಳ್ಳಬೇಕೆಂದು ಬೋಧಿಸಿದೆ. 2000ದ ಇಸವಿಯಲ್ಲಿ ಜಗದ್ಗುರು ಎರಡನೆಯ ಜಾನ್ ಪೌಲರು ಸಂತ ಥಾಮಸ್ ಮೋರ್ ಅವರನ್ನು ರಾಜಕಾರಣಿಗಳ ಪಾಲಕ ಸಂತರೆಂದು ಘೋಷಿಸಿದರು. ಹೀಗಿರುವಾಗ ರಾಜಕೀಯವೆಂದರೆ ಹೊಲಸು, ಒಳ್ಳೆಯವರಿಗೆ ಅಲ್ಲಿ ಕೆಲಸವಿಲ್ಲ ಎಂದು ನಮ್ಮ ಮಕ್ಕಳಿಗೆ ಹೇಳಿಕೊಡುವುದು ಧರ್ಮಸಭೆಯ ಬೋಧನೆಯೂ ಅಲ್ಲ, ನಮ್ಮ ಹಿರಿಯರ ಪರಂಪರೆಯೂ ಅಲ್ಲ.

ಸಂಸತ್ತಿನ ಗೋಡೆಯ ಮೇಲಿನ ಆ ಜೋಡಿ ಚಿತ್ರವನ್ನು ನೋಡಲು ನಮ್ಮಲ್ಲಿ ಎಲ್ಲರೂ ದೆಹಲಿಗೆ ಹೋಗಲಾರೆವು. ಆದರೆ ಮುಂದಿನ ಗ್ರಾಮಸಭೆ ನಡೆಯುವ ಶಾಲೆಯ ಜಗಲಿ ನಮ್ಮೆಲ್ಲರ ಮನೆಗೂ ಹತ್ತಿರದಲ್ಲಿಯೇ ಇದೆ. ಅಲ್ಲಿ ನೆರೆಯವನ ಪರವಾಗಿ ಒಂದು ಮಾತನಾಡುವ ತರುಣ ತರುಣಿಯರು ನಮ್ಮ ಧರ್ಮಕೇಂದ್ರಗಳಿಂದ ಮೂಡಿಬರಲಿ. ಕಾರವಾರ–ಅಂಕೋಲೆಗಳ ಜನರು ತಮ್ಮ ಮೇಲೆ ಇಟ್ಟ ವಿಶ್ವಾಸಕ್ಕೆ ಜೋಕಿಂ ಆಳ್ವರು ಹದಿನೈದು ವರ್ಷ ಋಣಿಯಾಗಿದ್ದರು. ಆ ಋಣದಲ್ಲಿ ನಮ್ಮ ಪಾಲೂ ಇದೆ.